ಪ್ಲೇನ್ ಜೀನ್ಸ್ ಕೊಳ್ಳುವಾಗ ಸೊಂಟದ ನಂಬರ್ ಒಂದನ್ನೇ ನೋಡಬೇಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಯಾವ ಅಂಗಡಿಗೆ ಹೋಗಿ ಜೀನ್ಸ್ ಕೇಳಿದರೂ ಮೊದಲು ಕೌಂಟರ್ ಮೇಲೆ ಬೀಳುವುದು ಮೊಣಕಾಲಲ್ಲಿ ಹರಿದದ್ದು, ತೊಡೆ ಮೇಲೆ ಬಿಳಿ ಗೆರೆ ಎಳೆದದ್ದು, ಹಿಂದಿನ ಜೇಬಿಗೆ ದಪ್ಪ ದಾರದ ಕಸೂತಿ ಹಾಕಿದ್ದು. ಬೇಕಾದವರು ತಗೊಳ್ಳಲಿ, ತಪ್ಪೇನಿಲ್ಲ. ಆದರೆ ಆಫೀಸಿಗೂ ಆಗಬೇಕು, ಮದುವೆ ಮನೆಗೂ ಆಗಬೇಕು, ಬಸ್ಸಲ್ಲಿ ಆಳಂದಕ್ಕೆ ಹೋಗಿ ಬರಲಿಕ್ಕೂ ಆಗಬೇಕು ಅನ್ನುವವರಿಗೆ ಬೇಕಿರುವುದು ಕಡು ನೀಲಿಯ ಸಾದಾ ಜೀನ್ಸ್. ಅದಕ್ಕೆ ಸುಮ್ನೆ "ಜೀನ್ಸ್ ತೋರಿಸ್ರಿ" ಅಂದರೆ ಸಾಲದು. "ಡಾರ್ಕ್ ಬ್ಲೂ, ಪ್ಲೇನ್, ಶೇಡ್ ಬ್ಯಾಡ, ಹರಿದದ್ದು ಬ್ಯಾಡ, ಸ್ಟ್ರೇಟ್ ಫಿಟ್ ಇಲ್ಲಾ ರೆಗ್ಯುಲರ್ ಫಿಟ್" ಅಂತ ಒಳಗೆ ಕಾಲಿಟ್ಟ ಕೂಡಲೇ ಹೇಳಿಬಿಡಿ. ಸ್ಟ್ರೇಟ್ ಅಂದ್ರೆ ಮೊಣಕಾಲಿಂದ ಕೆಳಗೂ ಹೆಚ್ಚು ಕಮ್ಮಿ ಒಂದೇ ಅಗಲದ್ದು, ರೆಗ್ಯುಲರ್ ಅಂದ್ರೆ ಬಿಗಿಯೂ ಅಲ್ಲ, ತೀರಾ ಸಡಿಲವೂ ಅಲ್ಲ. ಹಿಂದಿನ ಕಪಾಟಿನಿಂದ ತೆಗೆದುಕೊಡುತ್ತಾರೆ. ಅಂಗಡಿಯವರಿಗೂ ಹತ್ತಿಪ್ಪತ್ತು ಪ್ಯಾಂಟು ಬಿಚ್ಚಿ ಮಡಚುವ ಕೆಲಸ ತಪ್ಪುತ್ತದೆ.

ಸಾದಾ ಜೀನ್ಸಿನಲ್ಲಿ ಡಿಸೈನ್ ಅಂತ ಏನೂ ಇಲ್ಲ. ಇರುವುದೆಲ್ಲ ಬಟ್ಟೆ, ಹೊಲಿಗೆ, ಮತ್ತೆ ಮೈಗೆ ಕೂರುವ ರೀತಿ. ಮೈಗೆ ಕೂತಿಲ್ಲ ಅಂದ್ರೆ ಮುಚ್ಚಿಡಲು ಬೇರೇನೂ ಇಲ್ಲ, ದೂರದಿಂದಲೇ ಕಾಣುತ್ತದೆ. ಅದಕ್ಕೇ ಫಿಟ್ಟಿಂಗ್ ಬಗ್ಗೆ ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಕೆಲಸ ಮಾಡಿ. ನಿಮ್ಮ ಹತ್ತಿರ ಇರುವ ಪ್ಯಾಂಟುಗಳಲ್ಲಿ ಮೈಗೆ ಚೆನ್ನಾಗಿ ಕೂರುವ ಒಂದನ್ನು ತೆಗೆದು, ಗುಂಡಿ ಹಾಕಿ, ಮಂಚದ ಮೇಲೆ ಸುಕ್ಕಿಲ್ಲದ ಹಾಗೆ ಹಾಸಿ. ಟೇಪು ಹಿಡಿದು ಐದು ಅಳತೆ ಬರೆದುಕೊಳ್ಳಿ. ಸೊಂಟದ ಪಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿ, ಅದರ ಎರಡರಷ್ಟು ನಿಮ್ಮ ಸೊಂಟ. ಕಾಲು ಕೂಡುವಲ್ಲಿ ನಾಲ್ಕು ಹೊಲಿಗೆ ಸೇರುತ್ತವಲ್ಲ, ಅಲ್ಲಿಂದ ಮುಂದಿನ ಪಟ್ಟಿಯ ಮೇಲಿನ ಅಂಚಿನವರೆಗೆ, ಇದು ರೈಸ್. ಅದೇ ಹೊಲಿಗೆಯಿಂದ ಒಂದಿಂಚು ಕೆಳಗೆ ತೊಡೆಯ ಅಗಲ. ಕೆಳಗೆ ಬಾಟಮ್ ಅಗಲ. ಕೊನೆಗೆ ಒಳಗಾಲಿನ ಉದ್ದ. ಇಷ್ಟನ್ನು ಫೋನಿನಲ್ಲಿ ಇಟ್ಟುಕೊಂಡರೆ ಅಂಗಡಿಯಲ್ಲೂ ಆಗುತ್ತದೆ, ಆನ್‌ಲೈನ್‌ನಲ್ಲಿ ತರಿಸುವಾಗಲೂ ಸೈಜ್ ಚಾರ್ಟ್ ಜೊತೆ ಹೋಲಿಸಲು ಆಗುತ್ತದೆ.

ಯಾಕೆ ಇಷ್ಟು ಅಂದ್ರೆ, ಲೇಬಲ್ ಮೇಲಿನ ನಂಬರ್ ನಂಬುವ ಹಾಗಿಲ್ಲ. 32 ಅಂತ ಬರೆದ ಪ್ಯಾಂಟನ್ನು ಟೇಪು ಹಿಡಿದು ನೋಡಿ, ಎಷ್ಟೋ ಕಂಪನಿಗಳದ್ದು 33, 34 ಇಂಚು ಬರುತ್ತದೆ. ಒಂದು ಕಂಪನಿಯ 32 ಸಡಿಲ, ಇನ್ನೊಂದರ 34 ಬಿಗಿ. ಅದಕ್ಕೆ ಟ್ರಯಲ್ ರೂಮಿಗೆ ಹೋಗುವಾಗ ಒಂದೇ ಮಾದರಿಯ ಎರಡು ಸೈಜ್ ಒಟ್ಟಿಗೆ ತಗೊಂಡು ಹೋಗಿ.

ಈಗ ಮುಖ್ಯ ವಿಷಯ, ರೈಸ್. ಗಂಡಸರ ಜೀನ್ಸ್ ಕೆಡುವುದು ಜಾಸ್ತಿ ಇಲ್ಲೇ. ಲೋ ರೈಸ್ ಆದರೆ ಪ್ಯಾಂಟು ಸೊಂಟದಲ್ಲಿ ನಿಲ್ಲುವುದಿಲ್ಲ, ಕೆಳಗೆ ಜಾರುತ್ತದೆ, ಬೈಕ್ ಮೇಲೆ ಕೂತರೆ ಹಿಂದೆ ಅಂಗಿ ಮೇಲೆದ್ದು ಬೆನ್ನು ಕಾಣುತ್ತದೆ, ಬೆಲ್ಟ್ ಎಷ್ಟು ಬಿಗಿದರೂ ಅಷ್ಟೇ. ಹೊಟ್ಟೆ ಸ್ವಲ್ಪ ಇದ್ದವರು ಪಟ್ಟಿಯನ್ನು ಹೊಟ್ಟೆಯ ಕೆಳಗೆ ಸಿಕ್ಕಿಸಿಕೊಳ್ಳುತ್ತಾರೆ, ಆಗ ಹೊಟ್ಟೆ ಇನ್ನೂ ಎದ್ದು ಕಾಣುತ್ತದೆ ಮತ್ತೆ ಕಾಲು ಗಿಡ್ಡ ಕಾಣುತ್ತದೆ. ಮಿಡ್ ರೈಸ್ ತಗೊಳ್ಳಿ. ಸಾಧಾರಣ ಮೈಕಟ್ಟಿನವರಿಗೆ ಮುಂದಿನ ರೈಸ್ 10ರಿಂದ 11 ಇಂಚು ಇದ್ದರೆ ಹಿತವಾಗಿರುತ್ತದೆ. ರೈಸ್ ಕಡಿಮೆ ಇದ್ದರೆ ಯಾವ ಟೇಲರ್ ಕೈಯಲ್ಲೂ ಅದನ್ನು ಹೆಚ್ಚಿಸಲು ಆಗುವುದಿಲ್ಲ, ಬಟ್ಟೆನೇ ಇರುವುದಿಲ್ಲ.

ಟ್ರಯಲ್ ರೂಮಿನಲ್ಲಿ ಕನ್ನಡಿ ಮುಂದೆ ನೆಟ್ಟಗೆ ನಿಂತು ಹೊರಗೆ ಬರಬೇಡಿ. ಕೂತು ನೋಡಿ. ಬೈಕ್ ಏರುವ ಹಾಗೆ ಒಂದು ಕಾಲು ಎತ್ತಿ ನೋಡಿ. ಜಾಗ ಇದ್ದರೆ ಚಕ್ಕಳ ಮಕ್ಕಳ ಹಾಕಿ ಕೂಡಿ. ನಮ್ಮಲ್ಲಿ ಜಾತ್ರೆ ದಾಸೋಹಕ್ಕೋ ಮನೆ ಕಾರ್ಯಕ್ಕೋ ಹೋದರೆ ನೆಲದ ಮೇಲೆ ಪಂಕ್ತಿಯಲ್ಲಿ ಕೂತು ಉಣ್ಣುವುದು ಇದ್ದೇ ಇದೆ ಅಲ್ವಾ, ಅಲ್ಲಿ ತೊಡೆ ಕಚ್ಚುವ ಪ್ಯಾಂಟು ಹಾಕಿಕೊಂಡು ಒಂದು ರೊಟ್ಟಿ ತಿನ್ನುವುದೂ ಕಷ್ಟ. ಕೂತಾಗ ಹಿಂದೆ ಪಟ್ಟಿಗೂ ಬೆನ್ನಿಗೂ ನಡುವೆ ಮುಷ್ಟಿ ಹೋಗುವಷ್ಟು ಸಂದಿ ಬಿಟ್ಟರೆ ಆ ಕಟಿಂಗ್ ನಿಮ್ಮ ಮೈಗೆ ಅಲ್ಲ. ಬೆಲ್ಟ್ ಇಲ್ಲದೆ ಪ್ಯಾಂಟು ನಿಲ್ಲಬೇಕು, ಎರಡು ಬೆರಳು ಒಳಗೆ ಹೋಗಬೇಕು, ಅಷ್ಟು ಸಾಕು.

ಆಮೇಲೆ ಸುಕ್ಕು ಎಲ್ಲಿ ಬೀಳುತ್ತಿದೆ ಅಂತ ನೋಡಿ. ಜಿಪ್ ಕೆಳಗಿಂದ ಎರಡೂ ತೊಡೆ ಕಡೆ ಅಡ್ಡ ಗೆರೆ ಎಳೆದಂತೆ ಕಂಡರೆ ತೊಡೆಯಲ್ಲಿ ಬಿಗಿ ಆಗಿದೆ. ಮುಂದಿನ ಜೇಬುಗಳು ಬಾಯಿ ತೆರೆದುಕೊಂಡು ನಿಂತರೆ ಸೀಟಿನಲ್ಲಿ, ಅಂದ್ರೆ ಕುಂಡೆಯ ಭಾಗದಲ್ಲಿ, ಬಿಗಿ. ಹಿಂದೆ ಕುಂಡೆ ಕೆಳಗೆ ಬಟ್ಟೆ ಜೋತು ಬಿದ್ದರೆ ದೊಡ್ಡದಾಗಿದೆ. ನಿಂತಾಗ ತೊಡೆಯ ಪಕ್ಕದಲ್ಲಿ ಬಟ್ಟೆ ಚಿವುಟಿದರೆ ಒಂದಿಂಚು ಸಿಗಬೇಕು. "ಎರಡು ಸಲ ಹಾಕಿದ್ರ ಲೂಸ್ ಆಗ್ತದ, ತಗೋರಿ ಅಣ್ಣಾ" ಅಂತ ಅಂಗಡಿ ಹುಡುಗ ಹೇಳುತ್ತಾನೆ. ಸೊಂಟದ ಪಟ್ಟಿ ಅರ್ಧ ಇಂಚು ಬಿಡುವುದು ನಿಜ. ತೊಡೆಯೂ ಸೀಟೂ ಅಷ್ಟೊಂದು ಬಿಡುವುದಿಲ್ಲ. ಅಲ್ಲಿ ಬಿಗಿ ಇದ್ದರೆ ಬಿಟ್ಟು ಬನ್ನಿ.

ಉದ್ದ ಸರಿಯಿಲ್ಲ ಅಂತ ಒಳ್ಳೆ ಪ್ಯಾಂಟು ಬಿಡಬೇಡಿ, ಅದು ಟೇಲರ್ ಹತ್ತಿರ ಸರಿಯಾಗುವ ವಿಷಯ. ಆದರೆ ನಾಲ್ಕೈದು ಇಂಚು ಕತ್ತರಿಸಬೇಕಾದರೆ ಯೋಚನೆ ಮಾಡಿ. ಕೆಳಗೆ ಸಣ್ಣಗಾಗುತ್ತಾ ಹೋಗುವ ಕಟಿಂಗ್ ಆಗಿದ್ದರೆ ಕತ್ತರಿಸಿದ ಮೇಲೆ ಬಾಟಮ್ ಅಗಲವಾಗಿ ಉಳಿಯುತ್ತದೆ, ಅದನ್ನು ಮೊಣಕಾಲಿಂದ ಕೆಳಗೆ ಮತ್ತೆ ಹಿಡಿಸಬೇಕು. ಗಿಡ್ಡ ಇರುವವರಿಗೆ ಸ್ಟ್ರೇಟ್ ಫಿಟ್ ಇಲ್ಲಿ ಸುಲಭ. ಸೊಂಟವನ್ನು ಹಿಂದಿನಿಂದ ಒಂದು, ಒಂದೂವರೆ ಇಂಚು ಹಿಡಿಸಬಹುದು. ಅದಕ್ಕಿಂತ ಜಾಸ್ತಿ ಹಿಡಿದರೆ ಹಿಂದಿನ ಎರಡು ಜೇಬು ಒಂದಕ್ಕೊಂದು ಹತ್ತಿರ ಬಂದು ವಿಚಿತ್ರ ಕಾಣುತ್ತದೆ. ಮತ್ತೆ ನೆನಪಿಡಿ, ಒಮ್ಮೆ ಒಗೆದ ಮೇಲೆಯೇ ಉದ್ದ ಕತ್ತರಿಸಿ. ಮೊದಲೇ ಕುಗ್ಗಿಸಿದ ಡೆನಿಮ್ (ಜೀನ್ಸ್ ಬಟ್ಟೆ) ಕೂಡ ನೂರಕ್ಕೆ ಎರಡು ಮೂರರಷ್ಟು ಕುಗ್ಗಬಹುದು, 30 ಇಂಚಿನ ಕಾಲಿನಲ್ಲಿ ಅದು ಸುಮಾರು ಮುಕ್ಕಾಲು ಇಂಚು. ಬಾಟಮ್ ಹೊಲಿಯಲು ಜೀನ್ಸ್ ಬಣ್ಣದ್ದೇ ದಪ್ಪ ದಾರ ಹಾಕಿ ಅಂತ ಹೇಳಿ, ಇಲ್ಲವಾದರೆ ಕಪ್ಪು ತೆಳು ದಾರ ಹಾಕಿ ಕಳಿಸುತ್ತಾರೆ.

ಬಟ್ಟೆ ಬಗ್ಗೆ. ಡೆನಿಮ್ ತೂಕವನ್ನು ಒಂದು ಚದರ ಗಜಕ್ಕೆ ಎಷ್ಟು ಔನ್ಸ್ ಅಂತ ಹೇಳುತ್ತಾರೆ. 10 ಔನ್ಸ್ ಅಂದರೆ ಚದರ ಮೀಟರಿಗೆ ಸುಮಾರು 340 ಗ್ರಾಂ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿಗೆ 14 ಔನ್ಸಿನ ದಪ್ಪ ಜೀನ್ಸ್ ಶಿಕ್ಷೆ. 9ರಿಂದ 11 ಔನ್ಸ್ ಸಾಕು. ಅಂಗಡಿಯಲ್ಲಿ ಔನ್ಸ್ ಬರೆದಿರುವುದು ಕಡಿಮೆ, ಕೈಯಲ್ಲಿ ಹಿಡಿದೇ ನೋಡಬೇಕು. ಒಳಗಿನ ಚಿಕ್ಕ ಲೇಬಲ್ ಓದಿ. ನೂರಕ್ಕೆ 98 ಹತ್ತಿ, 2 ಎಲಾಸ್ಟೇನ್ (ಎಳೆದರೆ ಹಿಗ್ಗುವ ನೂಲು) ಇದ್ದರೆ ಕೂತು ಏಳಲು ಹಿತ, ನೂರಕ್ಕೆ ನೂರು ಹತ್ತಿ ಇದ್ದರೆ ಬಾಳಿಕೆ ಜಾಸ್ತಿ. ಪಾಲಿಯೆಸ್ಟರ್ ಮೂರನೇ ಒಂದು ಪಾಲು ಇದ್ದರೆ ಬೇಸಿಗೆಯಲ್ಲಿ ಬೆವರು ಹಿಡಿದುಕೊಂಡು ತೊಡೆಗೆ ಅಂಟುತ್ತದೆ, ರೇಟು ಎಷ್ಟೇ ಕಡಿಮೆ ಇರಲಿ ಬೇಡ ಅನ್ನಿ.

ಹೊಲಿಗೆ ನೋಡಲು ಪ್ಯಾಂಟನ್ನು ಒಳಮುಖ ಮಾಡಿ. ದಾರದ ಎಳೆ ಜೋತಾಡುತ್ತಿರಬಾರದು, ಜೇಬಿನ ಬಟ್ಟೆ ಬೆಳಕು ಹಾಯುವಷ್ಟು ತೆಳುವಾಗಿರಬಾರದು. ಜಿಪ್ ನಾಲ್ಕು ಸಲ ಎಳೆದು ನೋಡಿ. ಜೇಬಿನ ಮೂಲೆಯ ತಾಮ್ರದ ರಿವೆಟ್, ಅಂದ್ರೆ ಬಟ್ಟೆಗೆ ಹೊಡೆದ ಚಿಕ್ಕ ಲೋಹದ ಮೊಳೆ, ಸುಮ್ನೆ ಅಂದಕ್ಕೆ ಬಂದದ್ದಲ್ಲ. ಕೂಲಿಯವರ ಪ್ಯಾಂಟಿನ ಜೇಬು ಅಲ್ಲೇ ಹರಿಯುತ್ತಿತ್ತು ಅಂತಲೇ ಜೇಕಬ್ ಡೇವಿಸ್ ಅನ್ನುವ ಟೇಲರ್ ಅಲ್ಲಿ ರಿವೆಟ್ ಹೊಡೆದ. 1873ರಲ್ಲಿ ಅವನೂ ಲೆವಿ ಸ್ಟ್ರಾಸ್ ಕೂಡಿ ಅದಕ್ಕೆ ಪೇಟೆಂಟ್ ತಗೊಂಡರು. ಆ ರಿವೆಟ್ಟನ್ನು ಉಗುರಿನಿಂದ ತಿರುಗಿಸಿದರೆ ತಿರುಗಬಾರದು.

ಬ್ರಾಂಡೇ ಆಗಬೇಕು ಅಂತೇನಿಲ್ಲ. ನಮ್ಮದೇ ಬಳ್ಳಾರಿ ಜೀನ್ಸ್ ಹೊಲಿಯುವುದಕ್ಕೆ ಹೆಸರಾದ ಊರು. ಅಲ್ಲಿನ ಮಾಲು ಕಡಿಮೆ ರೇಟಿಗೆ ಸಿಗುತ್ತದೆ, ಅದರಲ್ಲೂ ಒಳ್ಳೆಯದಿದೆ, ಸಾಧಾರಣದ್ದೂ ಇದೆ. ಮೇಲೆ ಹೇಳಿದ ಹಾಗೆ ಲೇಬಲ್, ಹೊಲಿಗೆ, ರೈಸ್ ನೋಡಿ ಆರಿಸಿದರೆ ದುಡ್ಡು ಉಳಿಯುತ್ತದೆ.

ತಂದ ಮೇಲೆ ಒಗೆಯುವ ಮಾತು. ಜೀನ್ಸಿಗೆ ಹಾಕುವ ನೀಲಿ ಇಂಡಿಗೋ ಬಣ್ಣ ನೂಲಿನ ಮೇಲ್ಪದರದಲ್ಲೇ ಕೂರುತ್ತದೆ, ಒಳಗಿನವರೆಗೆ ಇಳಿಯುವುದಿಲ್ಲ. ಹಾಗಾಗಿ ಹೊಸದರಲ್ಲಿ ಬಣ್ಣ ಬಿಟ್ಟೇ ಬಿಡುತ್ತದೆ, ಬಿಳಿ ಅಂಗಿಯ ಅಂಚಿಗೂ ಬೈಕ್ ಸೀಟಿಗೂ ಹತ್ತುತ್ತದೆ. ಬಣ್ಣ ನಿಲ್ಲಲಿ ಅಂತ ಉಪ್ಪು ನೀರಲ್ಲಿ ನೆನೆಸುತ್ತಾರೆ, ಇಂಡಿಗೋಗೆ ಅದರಿಂದ ಏನೂ ಆಗುವುದಿಲ್ಲ. ಒಳಮುಖ ಮಾಡಿ, ತಣ್ಣೀರಲ್ಲಿ, ಮೊದಲ ಕೆಲವು ಸಲ ಬೇರೆಯಾಗಿ ಒಗೆಯಿರಿ. ಕಲ್ಲಿನ ಮೇಲೆ ಬ್ರಷ್ ಹಾಕಿ ತಿಕ್ಕಿದರೆ ಮೊಣಕಾಲಲ್ಲಿ ಬಿಳಿ ಪಟ್ಟೆ ಬೀಳುತ್ತದೆ. ಹಾಗೇ ಮಾಳಿಗೆ ಮೇಲೆ ಸುಡು ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಒಳಮುಖವಾಗಿಯೇ ತೂಗುಹಾಕಿ, ಇಲ್ಲಿನ ಬೇಸಿಗೆಯ ಒಣ ಗಾಳಿಗೆ ಸಂಜೆಯೊಳಗೆ ಒಣಗುತ್ತದೆ.