ಕನ್ನಡಕ ಕೊಡದೆ ಕಳಿಸಿದ ಗಿರಾಕಿಗಳು

ನಮ್ಮ ಪೇಟೆಯಲ್ಲಿ ನನ್ನನ್ನು 'ಕನ್ನಡಕದ ಡಾಕ್ಟ್ರು' ಅಂತಲೇ ಕರೆಯುತ್ತಾರೆ. ನಾನು ಡಾಕ್ಟರ್ ಅಲ್ಲ, ಆಪ್ಟೋಮೆಟ್ರಿಸ್ಟ್. ನಮ್ಮದು 4 ವರ್ಷದ ಕೋರ್ಸ್. ಅದರಲ್ಲಿ ಕೊನೆಯ ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಕಣ್ಣಿನ ಡಾಕ್ಟರ್ ಅಂದರೆ ಎಂಬಿಬಿಎಸ್ ಮುಗಿಸಿ, ಆಮೇಲೆ ಕಣ್ಣಿನ ವಿಷಯದಲ್ಲೇ ಎಂಎಸ್ ಅಥವಾ ಡಿಎನ್‌ಬಿ ಮಾಡಿದವರು. ರೋಗಕ್ಕೆ ಔಷಧಿ, ಆಪರೇಶನ್ ಎಲ್ಲ ಅವರದ್ದು. ನಂಬರ್ ನೋಡುವುದು, ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್ ಕೊಡುವುದು, ಬೇರೆ ತೊಂದರೆಯ ಅನುಮಾನ ಬಂದರೆ ಅವರ ಹತ್ತಿರ ಕಳಿಸುವುದು ನನ್ನ ಕೆಲಸ. ಮಲೆನಾಡಿನ ಈ ತಾಲ್ಲೂಕಿನಲ್ಲಿ ಅಂಗಡಿ ಇಟ್ಟು 14 ವರ್ಷವಾಯಿತು.

ಬರುವವರು ಮೊದಲು ಕೇಳುವುದು ಒಂದೇ: 'ನಿಮ್ಮತ್ರ ಆಗತ್ತಾ, ಶಿವಮೊಗ್ಗಕ್ಕೇ ಹೋಗ್ಬೇಕಾ?' ಶಿವಮೊಗ್ಗಕ್ಕೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು. ಬಸ್ ಚಾರ್ಜು ಬೇರೆ, ಜೊತೆಗೊಬ್ಬರು ಬೇರೆ. ಸುಮ್ನೆ ಕಳಿಸಿದರೆ ಅವರಿಗೆ ನಷ್ಟ. ಕಳಿಸಬೇಕಾದವರನ್ನು ಕಳಿಸದಿದ್ದರೆ ಕಣ್ಣೇ ಹೋಗಬಹುದು.

ನನಗೆ ಮೊದಲು ದಾರಿ ತೋರಿಸುವುದು ಒಂದು ಸಣ್ಣ ಕಪ್ಪು ಬಿಲ್ಲೆ. ನಡುವೆ ಒಂದು ಮಿಲಿಮೀಟರಿಗಿಂತ ಚೂರು ದೊಡ್ಡ ತೂತು. ಪಿನ್‌ಹೋಲ್ ಅಂತಾರೆ. ಒಂದು ಕಣ್ಣು ಮುಚ್ಚಿಸಿ, ಇನ್ನೊಂದರ ಮುಂದೆ ಇದನ್ನು ಹಿಡಿಯುತ್ತೇನೆ. ಬೋರ್ಡಿನ ಮೂರನೇ ಸಾಲಿಗೇ ತಡವರಿಸುತ್ತಿದ್ದವರು ತೂತಿನ ಮೂಲಕ ಐದನೇ ಸಾಲು, ಆರನೇ ಸಾಲು ಓದಿಬಿಟ್ಟರೆ ಹೆಚ್ಚಾಗಿ ಅದು ನಂಬರಿನ ತೊಂದರೆ. ಕನ್ನಡಕದಿಂದ ಸರಿಹೋಗುತ್ತದೆ. ತೂತಿನಲ್ಲೂ ಮೂರನೇ ಸಾಲಿಗೇ ನಿಂತರೆ, ಅಥವಾ ಇನ್ನೂ ಮಸುಕಾದರೆ, ಹೆಚ್ಚಾಗಿ ತೊಂದರೆ ಕಣ್ಣಿನೊಳಗೆ ಬೇರೆಲ್ಲೋ ಇದೆ ಅಂತ ಅರ್ಥ. ಆಗ ಫ್ರೇಮ್ ತೋರಿಸುವುದೇ ಇಲ್ಲ. ಚೀಟಿ ಬರೆಯುತ್ತೇನೆ: 'ಬಲಗಣ್ಣು, ಪಿನ್‌ಹೋಲ್‌ನಲ್ಲೂ 6/36.' ಅಂದರೆ ಒಳ್ಳೆ ಕಣ್ಣಿಗೆ 36 ಮೀಟರ್ ದೂರದಿಂದ ಕಾಣುವ ಅಕ್ಷರ ಇವರಿಗೆ 6 ಮೀಟರ್ ಹತ್ತಿರ ಬಂದರೇ ಕಾಣುವುದು. ಅಷ್ಟು ಬರೆದರೆ ಡಾಕ್ಟರಿಗೆ ಅರ್ಥವಾಗುತ್ತದೆ.

ಬೋರ್ಡು, ಪಿನ್‌ಹೋಲ್ ಇಷ್ಟನ್ನೇ ನಂಬಿ ಕೂತರೆ ಏನಾಗುತ್ತದೆ ಅನ್ನುವುದನ್ನು ನಾನು ಮನೆಯಲ್ಲೇ ಕಲಿತೆ.

ನಮ್ಮಪ್ಪನ ಕಣ್ಣನ್ನು ಪ್ರತಿವರ್ಷ ನಾನೇ ನೋಡುತ್ತಿದ್ದೆ. ಕನ್ನಡಕ ಹಾಕಿದರೆ ಎರಡೂ ಕಣ್ಣು 6/6. ಕಡೆಯ ಸಾಲಿನವರೆಗೂ ಪಟಪಟ ಓದುತ್ತಿದ್ದರು. ನನಗೂ ಖುಷಿ. ಒಂದು ಮಳೆಗಾಲ ಅವರ ಎಡಭುಜ ಪದೇ ಪದೇ ಬಾಗಿಲ ಚೌಕಟ್ಟಿಗೆ ತಾಗತೊಡಗಿತು. ಎಡಗಡೆ ಇಟ್ಟ ಕಾಫಿ ಲೋಟಕ್ಕೆ ಕೈ ತಗುಲಿ ಚೆಲ್ಲುತ್ತಿತ್ತು. 'ವಯಸ್ಸಾಯ್ತು' ಅಂದರು ಅಮ್ಮ. ನಾನೂ ಹಾಗೇ ಅಂದುಕೊಂಡೆ. ಮೂರನೇ ಸಲ ಲೋಟ ಉರುಳಿದ ದಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣಿನ ಒತ್ತಡ 28 ಇತ್ತು. ಸಾಮಾನ್ಯವಾಗಿ ಅದು 10ರಿಂದ 21ರೊಳಗೆ ಇರಬೇಕು. ಸುತ್ತಲಿನ ನೋಟ ಎಷ್ಟಿದೆ ಅಂತ ನೋಡುವ ಫೀಲ್ಡ್ ಟೆಸ್ಟ್ ಮಾಡಿದರು. ಪ್ರಿಂಟ್ ತೆಗೆದರೆ ಎಡಗಣ್ಣಿನ ಹಾಳೆಯಲ್ಲಿ ಪಕ್ಕದ ನೋಟವೆಲ್ಲ ಕಪ್ಪು, ನಡುವೆ ಮಾತ್ರ ಬೆಳಕು. ಗ್ಲಾಕೋಮಾ. ಕಣ್ಣಿನ ನರ ಹಾಳಾಗುವ ಕಾಯಿಲೆ. ಅಪ್ಪನಿಗೆ ಬಂದ ಬಗೆಯಲ್ಲಿ ನೋವಿಲ್ಲ, ಕೆಂಪಿಲ್ಲ, ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿರುತ್ತದೆ. ಅಕ್ಷರದ ಬೋರ್ಡು ಪರೀಕ್ಷೆ ಮಾಡುವುದು ಆ ನಡುವಿನ ನೋಟವನ್ನೇ ಅಲ್ವಾ. ಇಷ್ಟು ಓದಿದ ನಾನು, ಒತ್ತಡ ನೋಡಿಸದೆ ವರ್ಷ ವರ್ಷ 'ಚೆನ್ನಾಗಿದೆ ಅಪ್ಪಾ' ಅಂದಿದ್ದೆ.

ಹೋದ ನೋಟ ವಾಪಸ್ ಬರಲಿಲ್ಲ, ಬರುವುದೂ ಇಲ್ಲ. ದಿನಾ ರಾತ್ರಿ ಡ್ರಾಪ್ಸ್ ಹಾಕುತ್ತೇವೆ, ಉಳಿದದ್ದು ಉಳಿದಿದೆ.

ಅದಾದ ಮೇಲೆ ಕಣ್ಣಿಗೆ ಗಾಳಿ ಊದಿ ಒತ್ತಡ ನೋಡುವ ಮೆಷಿನ್ ಸಾಲ ಮಾಡಿ ತಂದೆ. 40 ದಾಟಿದವರಿಗೆಲ್ಲ ನೋಡುತ್ತೇನೆ. ಅದರಲ್ಲಿ ಸರಿ ಬಂದರೂ ಪೂರ್ತಿ ನಂಬುವ ಹಾಗಿಲ್ಲ, ಒತ್ತಡ ಮಾಮೂಲಿ ಇದ್ದವರಿಗೂ ಗ್ಲಾಕೋಮಾ ಬರುವುದುಂಟು. ಹಾಗಾಗಿ ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದೆ ಅಂದರೆ, 6/6 ಓದಿದರೂ ಡಾಕ್ಟರಿಗೆ ತೋರಿಸಿ ಅಂತ ಹಟ ಹಿಡಿದು ಹೇಳುತ್ತೇನೆ.

ಸಕ್ಕರೆ ಕಾಯಿಲೆಯವರದ್ದು ಇನ್ನೊಂದು ಕತೆ. ಸಕ್ಕರೆ ಏರಿಳಿದರೆ ನಂಬರೂ ಏರಿಳಿಯುತ್ತದೆ. ಹೋದ ತಿಂಗಳು ಮಾಡಿಸಿದ ಕನ್ನಡಕ ಈ ತಿಂಗಳು ಸರಿಬರಲ್ಲ. ಹೀಗಾಗಿ ಮೊದಲು ಶುಗರ್ ಚೀಟಿ ಕೇಳುತ್ತೇನೆ. ಜಾಸ್ತಿ ಇದ್ದರೆ, 'ಹತೋಟಿಗೆ ಬಂದು ಕೆಲವು ವಾರ ಆಗ್ಲಿ, ಆಮೇಲೆ ಬನ್ನಿ' ಅಂತ ವಾಪಸ್ ಕಳಿಸುತ್ತೇನೆ. ಜೊತೆಗೆ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ, ಕಣ್ಣಿನ ಹಿಂಬದಿಯ ಪದರ ರೆಟಿನಾವನ್ನು ನೋಡಿಸಲೇಬೇಕು. ಅದು ಡಾಕ್ಟರ ಕೆಲಸ.

ಒಮ್ಮೆ ಒಬ್ಬರು ತಾಯಿಯನ್ನು ಕರೆದುಕೊಂಡು ಬಂದರು. 'ಅಮ್ಮಂಗೆ ಈಗ ಕನ್ನಡಕವೇ ಬೇಡ ಸಾರ್, ಪಂಚಾಂಗ ಬರಿಗಣ್ಣಲ್ಲೇ ಓದ್ತಾರೆ. ಟೀವಿ ಮಾತ್ರ ಮಸುಕಂತೆ.' ಅವರ ಮುಖದಲ್ಲಿ ಎಷ್ಟು ಹೆಮ್ಮೆ! ಟಾರ್ಚ್ ಬಿಟ್ಟು ನೋಡಿದೆ. ಪಾಪೆಯೊಳಗೆ ಮಸುಕು ಕಂದು. ಪೊರೆ. ಒಳಗಿನ ಮಸೂರ ಗಟ್ಟಿಯಾಗುತ್ತಾ ಹೋದಂತೆ ಮೈನಸ್ ನಂಬರ್ ಬರುತ್ತದೆ. ಸ್ವಲ್ಪ ಕಾಲ ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ವಯಸ್ಸಾದವರು ಇದ್ದಕ್ಕಿದ್ದಂತೆ ಕನ್ನಡಕ ಬಿಟ್ಟು ಓದತೊಡಗಿದರೆ ಡಾಕ್ಟರಿಗೆ ತೋರಿಸಿ. ಅಜ್ಜಿ ಆಪರೇಶನ್ ಆಗಿ ಎರಡು ತಿಂಗಳಿಗೆ ಬಂದು, ಬೋರ್ಡಿನ ಕಡೇ ಸಾಲು ಓದಿ, ಓದುವ ಕನ್ನಡಕ ಒಂದನ್ನು ತೆಗೆದುಕೊಂಡು ಹೋದರು.

ಕೆಲವರನ್ನು ಅಂಗಡಿಯಲ್ಲಿ ಕೂರಿಸುವುದೂ ಇಲ್ಲ. ಭತ್ತದ ಗರಿಯೋ ಕಡ್ಡಿಯೋ ತಾಗಿ ಕಣ್ಣು ಕೆಂಪಾಗಿ, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಬಂದವರು ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಮನೆಯಲ್ಲಿ ನಂದಿಬಟ್ಟಲು ಹೂವಿನ ರಸ ಹಾಕಿರುತ್ತಾರೆ, ಇಲ್ಲವೇ ಮೆಡಿಕಲ್ ಶಾಪಿನಿಂದ ಯಾವುದೋ ಡ್ರಾಪ್ಸ್. ಅದರಲ್ಲಿ ಸ್ಟಿರಾಯ್ಡ್ ಇದ್ದರೆ, ಒಳಗಿರುವುದು ಫಂಗಸ್ ಆದರೆ, ಹುಣ್ಣು ಭರಭರನೆ ಹಬ್ಬುತ್ತದೆ. ಕಣ್ಣ ಮುಂದೆ ಮಿಂಚು ಹೊಡೆದಂತೆ, ಹಠಾತ್ತಾಗಿ ಕಪ್ಪು ಚುಕ್ಕೆಗಳ ಮಳೆ, ಪರದೆ ಇಳಿದಂತೆ ಅಂದವರಿಗೂ ನಾನೇ ಆಸ್ಪತ್ರೆಗೆ ಫೋನ್ ಮಾಡಿ ಕಳಿಸುತ್ತೇನೆ. ರೆಟಿನಾ ಕಳಚುತ್ತಿರಬಹುದು. ಸುಣ್ಣ ಬಿದ್ದಿದ್ದರೆ ಮೊದಲು ಅಂಗಡಿಯ ನಲ್ಲಿಯ ಕೆಳಗೇ ಕಣ್ಣು ತೆರೆಸಿ ಕಾಲು ಗಂಟೆಗೂ ಹೆಚ್ಚು ತೊಳೆಸಿ, ಆಮೇಲೆ ಆಟೋ ಹತ್ತಿಸುತ್ತೇನೆ.

ಚಿಕ್ಕ ಮಕ್ಕಳನ್ನೂ ಮೊದಲು ಅಲ್ಲಿಗೇ ಕಳಿಸುತ್ತೇನೆ. ಮಕ್ಕಳ ಕಣ್ಣು ಬಿಗಿ ಹಿಡಿದು ತಪ್ಪು ನಂಬರ್ ತೋರಿಸುತ್ತದೆ, ಡ್ರಾಪ್ಸ್ ಹಾಕಿ ನೋಡಿದರೇ ನಿಜ ತಿಳಿಯುವುದು. ಮೆಳ್ಳೆಗಣ್ಣು ಅದೃಷ್ಟ ಅಂತ ಬಿಟ್ಟವರನ್ನು ಕಂಡರೆ ಸಂಕಟವಾಗುತ್ತದೆ. ಆ ಕಣ್ಣು ಕೆಲಸವನ್ನೇ ಕಲಿಯದೆ ಉಳಿದುಬಿಡುತ್ತದೆ.

ಇನ್ನುಳಿದ ಬಹುಪಾಲು ಜನ ನನ್ನವರು. ಪಹಣಿಯನ್ನು ಕೈ ಚಾಚಿ ದೂರ ಹಿಡಿದು ಓದುವ 42ರ ರೈತರು, ಸೂಜಿಗೆ ದಾರ ಪೋಣಿಸಲಾಗದ ಟೈಲರಕ್ಕ. ಚಾಳೀಸು ಅನ್ನುವ ಹೆಸರೇ ನಲವತ್ತರಿಂದ ಬಂದದ್ದು. ಇಂಥವರಿಗೆ ಬೇರೆ ಲಕ್ಷಣವಿಲ್ಲ, ಒತ್ತಡ ಸರಿ ಇದೆ, ಮನೆಯಲ್ಲಿ ಯಾರಿಗೂ ಕಣ್ಣಿನ ಕಾಯಿಲೆ ಇಲ್ಲ ಅಂದರೆ ಕನ್ನಡಕಕ್ಕೆಂದೇ ಶಿವಮೊಗ್ಗದ ಬಸ್ ಹತ್ತುವುದು ಬೇಡ.

ನನಗೀಗ 41. ಅಪ್ಪನಿಗೆ ಇದ್ದದ್ದು ನನಗೂ ಬರಬಹುದು. ಹಾಗಾಗಿ ವರ್ಷಕ್ಕೊಮ್ಮೆ ಅಂಗಡಿ ಬಾಗಿಲು ಹಾಕಿ, ಅಪ್ಪನ ಜೊತೆ ನಾನೂ ಡಾಕ್ಟರ ಮುಂದೆ ಕೂರುತ್ತೇನೆ. ಪಾಪೆ ಹಿಗ್ಗಿಸಿದ ಮೇಲೆ ಐದಾರು ಗಂಟೆ ಬೈಕ್ ಓಡಿಸುವ ಹಾಗಿಲ್ಲ. ಬಸ್ಸಿನಲ್ಲಿ ಬರುವಾಗ ಅಪ್ಪ ಬಲಗಡೆ ಕಿಟಕಿ ಹಿಡಿಯುತ್ತಾರೆ, ನಾನು ಅವರ ಎಡಗಡೆ ಕೂರುತ್ತೇನೆ.