ಬೀರುವಿನ ಹಿಂದಿನ ಗೋಡೆ

ಅಮ್ಮನ ಮೈಸೂರು ಸಿಲ್ಕ್ ಸೀರೆಯ ಮಡಿಕೆಯಲ್ಲಿ ಬೂಷ್ಟು ಕಂಡ ದಿನವೇ ಗೋಡೆಯ ಸಮಾಚಾರ ನಮಗೆ ಗೊತ್ತಾಗಿದ್ದು. 2022ರ ಸೆಪ್ಟೆಂಬರ್. ಬೆಂಗಳೂರಿನ ಹೊರವರ್ತುಲ ರಸ್ತೆ ಕಡೆ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಸಾಗಿಸುವುದನ್ನು ಟೀವಿಯಲ್ಲಿ ನೋಡುತ್ತಾ 'ಸದ್ಯ, ನಮ್ಮ ಹನುಮಂತನಗರ ದಿಣ್ಣೆ ಮೇಲಿದೆ' ಅಂತ ನಿಶ್ಚಿಂತೆಯಿಂದ ಕೂತಿದ್ದೆವು. ನೀರು ಕೆಳಗಿನಿಂದಲೇ ಬರಬೇಕೆಂದು ನಿಯಮವೇನಿಲ್ಲವಲ್ಲ.

ಅಪ್ಪ 1987ರಲ್ಲಿ ಕಟ್ಟಿಸಿದ ಮನೆ. 30-40 ಸೈಟು, 9 ಇಂಚಿನ ಇಟ್ಟಿಗೆ ಗೋಡೆ. ಮಹಡಿಯ ಪಡುವಣ ಗೋಡೆಗೆ ಒಂದು ಕಿಟಕಿ, ಅದರ ಪಕ್ಕಕ್ಕೆ ಗೋಡೆ ಬೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬೀಸುವುದು ಪಶ್ಚಿಮದಿಂದ, ಹಾಗಾಗಿ ಎರಚಲು ಪೂರ್ತಿ ಈ ಗೋಡೆಗೇ. ಬೀರುವಿನ ಹಿಂಬದಿಯಲ್ಲಿ ಬಣ್ಣ ಉಬ್ಬಿ ಅಂಗೈಯಗಲ ಗುಳ್ಳೆ ಎದ್ದಿತ್ತು. ಪಿನ್ನಿಂದ ಚುಚ್ಚಿದೆ. ಡಿಕಾಕ್ಷನ್ ಬಣ್ಣದ ನೀರು ಸಣ್ಣ ಧಾರೆಯಾಗಿ ಇಳಿದು ಮೊಣಕೈವರೆಗೂ ಹರಿಯಿತು.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಪೇಂಟರ್ ಕರೆಸಿದೆ. ಅವರು ಒಳಗಡೆ ಕೆರೆದು, ಪುಟ್ಟಿ ಹಾಕಿ, ವಾಟರ್‌ಪ್ರೂಫ್ ಬಣ್ಣ ಬಳಿದು 'ಐದು ವರ್ಷ ಯೋಚನೆ ಬೇಡ' ಅಂದರು. ಮುಂದಿನ ಮಳೆಗಾಲಕ್ಕೆ ಗುಳ್ಳೆ ಮತ್ತೆ ಹಾಜರು, ಈ ಸಲ ಒಂದಡಿ ಎಡಕ್ಕೆ. ಮತ್ತೆ ಬಳಿಸಿದೆ. ಪೇಂಟರನ್ನು ಬೈದು ಪ್ರಯೋಜನವಿಲ್ಲ. ಹೊರಗಿನಿಂದ ಬಂದ ನೀರಿಗೆ ಒಳಗೆ ಆರುವ ದಾರಿಯನ್ನೂ ಮುಚ್ಚಿಸಿದ್ದು ನಾನೇ.

ನಿಜಾಂಶ ಹೇಳಿದ್ದು ಪಕ್ಕದ ಬೀದಿಯಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಯಾದಗಿರಿ ಕಡೆಯ ಮೇಸ್ತ್ರಿ. ಕರಣೆಯ ಹಿಡಿಯಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟಿದ. ಕೆಲವು ಕಡೆ 'ಟಣ್', ಕೆಲವು ಕಡೆ ಮಾಗಿದ ಹಲಸಿನ ಹಣ್ಣು ತಟ್ಟಿದ ಹಾಗೆ 'ಡಬ್'.

"ಇದು ಬಣ್ಣದ ತಪ್ಪಲ್ರಿ ಸಾರ. ಗ್ವಾಡಿ ನೀರು ಕುಡದದ. ಎಲ್ಲಿಂದ ಕುಡದದ ಅಂತ ಮೊದಲ ನೋಡ್ರಿ, ಆಮ್ಯಾಲೆ ಒಡೀರಿ."

ಆ ಮಾತು ಕೇಳಿದ್ದಕ್ಕೆ ಉಳಿದುಕೊಂಡೆ. 2023ರ ಡಿಸೆಂಬರ್‌ನಲ್ಲಿ ಒಂದು ಭಾನುವಾರ ಬೋರ್ ನೀರಿನ ಪೈಪ್ ಹಿಡಿದು ಪಡುವಣ ಓಣಿಗೆ ಇಳಿದೆ. ಇಲ್ಲಿ ಒಂದು ಕ್ರಮವಿದೆ: ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು, ಯಾವ ಬಿರುಕಿನಿಂದ ಒಳಗೆ ಹೋಯಿತೆಂದು ತಿಳಿಯುವುದೇ ಇಲ್ಲ. ಕಿಟಕಿಯ ಕೆಳಗೆ 20 ನಿಮಿಷ ಬಿಟ್ಟೆ. ಬೀರು ಖಾಲಿ ಮಾಡಿ ಟಾರ್ಚ್ ಹಿಡಿದು ಒಳಗೆ ಕೂತಿದ್ದ ನನ್ನ ಹೆಂಡತಿ 'ಏನೂ ಇಲ್ಲ' ಅಂದಳು. ಚೌಕಟ್ಟಿನ ಎರಡೂ ಪಕ್ಕ 20 ನಿಮಿಷ, ಆಗಲೂ ಏನೂ ಇಲ್ಲ. ಕೊನೆಗೆ ಕಿಟಕಿ ಮೇಲಿನ ಸಜ್ಜೆ ಗೋಡೆಗೆ ಸೇರುವ ಮೂಲೆಗೆ ಬಿಟ್ಟೆ. ಪಕ್ಕದ ಮನೆ ಆಂಟಿ ಕಾಂಪೌಂಡ್ ಮೇಲಿಂದ ಇಣುಕಿ, "ಬಿಸಿಲಲ್ಲಿ ಗೋಡೆಗ್ಯಾಕಪ್ಪ ಸ್ನಾನ?" ಅಂದರು. ಮೂವತ್ತೈದು ನಿಮಿಷಕ್ಕೆ ಒಳಗಿನಿಂದ ಕೂಗು: "ರೀ, ಬಂತು!"

ಒದ್ದೆ ಕಂಡ ಜಾಗ ನಾನು ನೀರು ಬಿಟ್ಟ ಜಾಗದಿಂದ ನಾಲ್ಕಡಿ ಕೆಳಗೆ, ಮೂರಡಿ ಎಡಕ್ಕೆ ಇತ್ತು. ನೀರು ಸಜ್ಜೆಯ ಬಿರುಕಿನಲ್ಲಿ ನುಗ್ಗಿ, ಟೊಳ್ಳು ಪ್ಲಾಸ್ಟರಿನ ಹಿಂದೆ ಓಡಾಡಿ, ದುರ್ಬಲವಾದ ಕಡೆ ಒಳಗೆ ಇಳಿಯುತ್ತಿತ್ತು. ಎರಡು ವರ್ಷ ನಾನು ಕಲೆಗೆ ಚಿಕಿತ್ಸೆ ಮಾಡಿಸಿದ್ದೆ.

ಮರುದಿನ ಏಣಿ ಹತ್ತಿ ಸಜ್ಜೆಯ ಮೇಲೆ ರಸಮಟ್ಟ ಇಟ್ಟೆ. ಅದರೊಳಗಿನ ಗಾಳಿಗುಳ್ಳೆ ಎತ್ತರದ ಕಡೆಗೆ ಸರಿಯುತ್ತದೆ. ಇಲ್ಲಿ ಅದು ಹೊರಗಡೆಗೆ ಸರಿಯಿತು, ಅಂದರೆ ಸಜ್ಜೆಯ ವಾಟ, ಇಳಿಜಾರು, ಗೋಡೆಯ ಕಡೆಗೇ ಇದೆ. ಒಂದು ಚೊಂಬು ನೀರು ಸುರಿದರೆ ಅರ್ಧಕ್ಕರ್ಧ ಗೋಡೆಯ ಮೂಲೆಗೆ ಬಂದು ಕೂತಿತು. ಸಾಲದ್ದಕ್ಕೆ ಯಾವಾಗಲೋ ಇಂಟರ್‌ನೆಟ್ಟಿನ ಹುಡುಗರು ಅಲ್ಲೇ ತೂತು ಕೊರೆದು ಕೇಬಲ್ ತೂರಿಸಿ ಹಾಗೇ ಬಿಟ್ಟು ಹೋಗಿದ್ದರು. ಮಳೆ ನೀರು ಕೇಬಲ್ ಹಿಡಿದುಕೊಂಡೇ ಒಳಗೆ ನಡೆಯುತ್ತಿತ್ತು. ಈಗ ಆ ತೂತನ್ನು ಮುಚ್ಚಿ, ಕೇಬಲ್ಲನ್ನು ಬೇರೆ ಕಡೆಯಿಂದ ತಂದಿದ್ದೇನೆ. ಅದು ಗೋಡೆ ಹೊಗುವ ಮುನ್ನ ಒಂದು ಗೇಣು ಕೆಳಗೆ ಜೋತುಬಿದ್ದು ಮತ್ತೆ ಮೇಲೇರುತ್ತದೆ, ನೀರು ಆ ಜೋಲಿಯಲ್ಲೇ ತೊಟ್ಟಿಕ್ಕುತ್ತದೆ.

ಫೆಬ್ರುವರಿಯಲ್ಲಿ ಒಡೆದೆವು. ಓಣಿ ಮೂರಡಿ ಅಗಲ, ಸರ್ವೆ ಮರದ ಗಳದಲ್ಲಿ ಸಾರವೆ, ಅಂದರೆ ನಿಂತು ಕೆಲಸ ಮಾಡುವ ಅಟ್ಟಣೆ, ಕಟ್ಟಲಿಕ್ಕೇ ಒಂದು ದಿನ ಹಿಡಿಯಿತು. ಒಡೆಯುವುದು, ಕೆರೆಯುವುದು, ಮರದ ಕೆಲಸ ನಾನು ಮಾಡಿದೆ. ಸಾರವೆ ಮತ್ತು ಸಾರಣೆ ಮೇಸ್ತ್ರಿಯದು. ಟೊಳ್ಳು ಸದ್ದು ನಿಂತ ಮೇಲೂ ಸುತ್ತ ಅರ್ಧ ಅಡಿ ಹೆಚ್ಚಿಗೆ ತೆಗೆದೆವು. ಪ್ಲಾಸ್ಟರ್ ಹಪ್ಪಳದ ಹಾಗೆ ದೊಡ್ಡ ದೊಡ್ಡ ಚಕ್ಕೆಗಳಾಗಿ ಬಂತು. ಹಿಂದಿನ ಇಟ್ಟಿಗೆ ಕಪ್ಪಾಗಿತ್ತು, ಸಂದಿನ ಗಾರೆ ಉಗುರಲ್ಲಿ ಕೆರೆದರೆ ಕಡಲೆಹಿಟ್ಟಿನಂತೆ ಉದುರಿತು. ನೆನೆದ ಗೋಣಿಚೀಲದ ವಾಸನೆ.

ಸಂದುಗಳನ್ನು ಅರ್ಧ ಇಂಚು ಆಳ ಕೆರೆದೆ. ಇಟ್ಟಿಗೆ ಆರುತ್ತಾ ಬಂದಂತೆ ಮೇಲೆ ಬಿಳಿ ಉಪ್ಪು ಹೂವಿನ ಹಾಗೆ ಅರಳಿತು. ಇದನ್ನು ತೊಳೆಯಬಾರದು, ತೊಳೆದರೆ ಕರಗಿ ಮತ್ತೆ ಇಟ್ಟಿಗೆಯೊಳಗೇ ಹೋಗುತ್ತದೆ. ನಾಲ್ಕು ದಿನಕ್ಕೊಮ್ಮೆ ಒಣ ಬ್ರಷ್ಷಿನಲ್ಲಿ ಉಜ್ಜಿ, ಮೊರಕ್ಕೆ ಹಿಡಿದು ಹೊರಗೆ ಎಸೆದೆ. ಮೂರು ವಾರ ಗೋಡೆ ಬೆತ್ತಲೆ ನಿಂತಿತ್ತು. ಒಣಗಿತೋ ಇಲ್ಲವೋ ಎಂದು ನೋಡಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತುಂಡನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಳಗೋಡೆಗೆ ಅಂಟಿಸಿದೆ. ಮಾರನೇ ದಿನ ಫಾಯಿಲ್ಲಿನ ಬೆನ್ನಿಗೆ ಬೆವರು ಕಂಡರೆ ನೀರು ಇನ್ನೂ ಗೋಡೆಯಲ್ಲೇ ಇದೆ. ಮುಂಭಾಗ ಬೆವರಿದರೆ ಅದು ಕೋಣೆಯ ಗಾಳಿಯ ತೇವ. ಮೂರನೇ ತುಂಡಿಗೆ ಬೆನ್ನು ಒಣಗಿ ಬಂತು.

ಈ ಮಧ್ಯೆ ಕಿಟಕಿ ಚೌಕಟ್ಟು. ಹೊರಗಿನಿಂದ ಬಣ್ಣ ಹೊಳೆಯುತ್ತಿತ್ತು. ಕೆಳಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದೆ, ಟೀಯಲ್ಲಿ ಅದ್ದಿದ ರಸ್ಕಿಗೆ ಇಳಿದ ಹಾಗೆ ಹಿಡಿಯವರೆಗೂ ಹೋಯಿತು. ಗೆದ್ದಲಲ್ಲ, ಶುದ್ಧ ಕೊಳೆತ. ಮರ ಬಹುಕಾಲ ಒದ್ದೆಯಾಗಿದ್ದರೆ ಅಣಬೆಯ ಜಾತಿಯ ಶಿಲೀಂಧ್ರ ಅದನ್ನು ಒಳಗಿನಿಂದ ತಿನ್ನುತ್ತದೆ, ಮೇಲಿನ ಬಣ್ಣ ಮಾತ್ರ ಉಳಿಯುತ್ತದೆ. 'ಚೌಕಟ್ಟೇ ಕಿತ್ತು ಅಲ್ಯೂಮಿನಿಯಂ ಹಾಕಿಸಿ' ಅಂದವರು ಬಹಳ. ನನಗೆ ಮನಸ್ಸಾಗಲಿಲ್ಲ. ಉಳಿದ ಮೂರು ಕಡೆ ಮತ್ತಿ ಮರ ಕಬ್ಬಿಣದಂತಿತ್ತು.

ಕೊಳೆತ ಭಾಗವನ್ನು, ಅದರಾಚೆ ಎರಡಿಂಚು ಗಟ್ಟಿ ಮರವನ್ನೂ ಸೇರಿಸಿ, ಓರೆಯಾಗಿ ಗರಗಸದಲ್ಲಿ ಕೊಯ್ದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಿಂದ ಹೊನ್ನೆಯ ತುಂಡು ತಂದು ಅದೇ ಓರೆಗೆ ಹೊಂದಿಸಿದೆ. ಕಷ್ಟವಾಗಿದ್ದು ಸರಳುಗಳದ್ದು. ಹಳೇ ಕಿಟಕಿಯ ಸರಳು ಕೆಳಪಟ್ಟಿಯೊಳಗೆ ಇಳಿದಿರುತ್ತದೆ, ಹೊಸ ತುಂಡನ್ನು ಮೇಲಿಂದ ಇಳಿಸಲು ಆಗುವುದಿಲ್ಲ. ಪಕ್ಕದಿಂದ ತೂರಿಸಲು ಉಳಿಯಲ್ಲಿ ಉದ್ದನೆಯ ತೋಡು ಕೊರೆದೆ. ಎರಡು ಭಾನುವಾರ ಅದಕ್ಕೇ ಹೋಯಿತು. ಕೂರಿಸುವ ಮುನ್ನ ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ಡನ್ನು ಬಿಸಿನೀರಲ್ಲಿ ಕರಗಿಸಿ ಎರಡು ಕೈ ಬಳಿದೆ. ಮಳೆಗೆ ಅದು ತೊಳೆದುಹೋಗುತ್ತದೆ, ಮೇಲೆ ಪ್ರೈಮರ್ ಮತ್ತು ಪೇಂಟ್ ಬೇಕೇ ಬೇಕು, ಅದರಲ್ಲೂ ಕೊಯ್ದ ತುದಿಗಳಿಗೆ.

ಸಜ್ಜೆಯ ಕೆಳಮೈಯಲ್ಲಿ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿತ್ತು. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತದೆ, ಊದಿದ್ದು ಕಾಂಕ್ರೀಟನ್ನು ಒಡೆದು ತಳ್ಳುತ್ತದೆ. ಕಂಬಿಯ ಹಿಂಭಾಗವೂ ಕಾಣುವವರೆಗೆ ಬಿಡಿಸಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ತುಕ್ಕು ತಡೆಯುವ ಲೇಪ ಹಚ್ಚಿ ಪಾಲಿಮರ್ ಗಾರೆ ತುಂಬಿದೆವು. ಮೇಲ್ಮೈಗೆ ಹೊರವಾಟ ಕೊಟ್ಟು, ಗೋಡೆಯ ಮೂಲೆಯನ್ನು ದುಂಡಗೆ ಮಾಡಿದೆವು. ಕೆಳಮೈಯಲ್ಲಿ ಅಂಚಿನಿಂದ ಒಂದಿಂಚು ಒಳಗೆ, ಗಾರೆ ಹಸಿ ಇರುವಾಗಲೇ ಕಂಬಿ ಒತ್ತಿ ಉದ್ದಕ್ಕೂ ಒಂದು ಗೀರು ಮಾಡಿಸಿದೆ. ಇಳಿವ ನೀರು ಅಲ್ಲಿಂದಾಚೆ ಗೋಡೆಗೆ ತೆವಳದೆ ತೊಟ್ಟಾಗಿ ಬೀಳುತ್ತದೆ. ಅಪ್ಪನ ಕಾಲದ ಮೇಸ್ತ್ರಿ ಈ ಒಂದು ಗೀರು ಹಾಕಿದ್ದಿದ್ದರೆ ನನ್ನ ಅರ್ಧ ಕೆಲಸ ಉಳಿಯುತ್ತಿತ್ತು.

ಸಜ್ಜೆ ಮತ್ತು ಇಟ್ಟಿಗೆ ಕೂಡುವ ಕಡೆ ಆಚೆ ಆರಿಂಚು, ಈಚೆ ಆರಿಂಚು ಚಿಕನ್ ಮೆಶ್ ಬಡಿದೆವು. ಎರಡೂ ಬಿಸಿಲಿಗೆ ಬೇರೆ ಬೇರೆ ರೀತಿ ಹಿಗ್ಗುತ್ತವೆ, ಜಾಲರಿ ಇಲ್ಲದಿದ್ದರೆ ಅದೇ ಗೆರೆಯಲ್ಲಿ ಮತ್ತೆ ಬಿರುಕು. ಇಟ್ಟಿಗೆಗೆ ನೀರು ಚಿಮುಕಿಸಿ ಪ್ಲಾಸ್ಟರ್ ಎರಡು ಪದರ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಸಿಮೆಂಟ್ ಚೀಲಕ್ಕೆ 200 ಎಂಎಲ್ ವಾಟರ್‌ಪ್ರೂಫ್ ದ್ರಾವಣ. ಮೊದಲ ಪದರಕ್ಕೆ ಗೀರು ಎಳೆದು ಬಿಟ್ಟು, ಮರುದಿನ ಎರಡನೆಯದು.

ಕ್ಯೂರಿಂಗ್ ಬಂತು ನೋಡಿ, ಹೊಸ ಪ್ಲಾಸ್ಟರ್ ಗಟ್ಟಿಯಾಗುವವರೆಗೆ ನೆನೆಸಿಡುವ ಕೆಲಸ. 2024ರ ಮಾರ್ಚ್. ಓಣಿಯ ಬೋರ್ ಕೈಕೊಟ್ಟಿತ್ತು, ಕುಡಿಯುವ ನೀರನ್ನು ಕಟ್ಟಡಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. 'ಆರ್‌ಒ ಫಿಲ್ಟರ್ ಹೊರಗೆ ಬಿಡೋ ನೀರು ಹಾಕಿ' ಅಂತ ಯಾರೋ ಸಲಹೆ ಕೊಟ್ಟರು. ಅದರಲ್ಲಿ ಉಪ್ಪಿನಂಶ ಹೆಚ್ಚು, ಮೂರು ವಾರ ಉಪ್ಪು ಉಜ್ಜಿದ ಗೋಡೆಗೆ ಮತ್ತೆ ಉಪ್ಪೇ? ಸೋಲಾರ್ ಬಿಸಿನೀರು ಬರುವ ಮೊದಲು ಹರಿದುಹೋಗುವ ತಣ್ಣೀರು, ತರಕಾರಿ ತೊಳೆದ ನೀರು, ಎಲ್ಲವೂ ಬಕೆಟ್ಟಿಗೆ. ಪ್ಲಾಸ್ಟರಿಗೆ ಗೋಣಿಚೀಲ ಹೊದಿಸಿ ಏಳು ದಿನ ಅದನ್ನೇ ನೆನೆಸಿದೆವು.

ಆ ಏಪ್ರಿಲ್‌ನಲ್ಲಿ ಅಶ್ವಿನಿ ಮಳೆ ನಮ್ಮ ಬೀದಿಗೆ ಹನಿಯೂ ಬೀಳಲಿಲ್ಲ. ಊರೆಲ್ಲ ಆಕಾಶ ನೋಡುತ್ತಿದ್ದಾಗ ನಾನೊಬ್ಬ ಒಳಗೊಳಗೇ ಖುಷಿಪಟ್ಟೆ, ಹೇಳಿಕೊಳ್ಳುವ ಹಾಗಿರಲಿಲ್ಲ. ಗೋಡೆ ಚೆನ್ನಾಗಿ ಆರಿದ ಮೇಲೆ, ಮೇ ತಿಂಗಳಲ್ಲಿ ಬಣ್ಣ.

ಜೂನ್ 2, ಭಾನುವಾರ. ಒಂದೇ ದಿನ 111 ಮಿಲಿಮೀಟರ್ ಮಳೆ, ಜೂನ್ ತಿಂಗಳ ಮಟ್ಟಿಗೆ ನೂರಕ್ಕೂ ಹೆಚ್ಚು ವರ್ಷಗಳ ದಾಖಲೆ. ಕರೆಂಟ್ ಇಲ್ಲ. ಟಾರ್ಚ್ ಹಿಡಿದು ಬೀರುವಿನ ಒಳಗೆ ತಲೆ ತೂರಿಸಿ ಗೋಡೆಗೆ ಕೆನ್ನೆ ಒತ್ತಿ ನಿಂತೆ. ತಣ್ಣಗಿತ್ತು, ಒದ್ದೆಯಿರಲಿಲ್ಲ. ಹೊಸ ಹೊನ್ನೆ ಮಾತ್ರ ತೇವಕ್ಕೆ ಹಿಗ್ಗಿ ಕಿಟಕಿಯ ಕದ ಕೆಳಗೆ ಕಚ್ಚುತ್ತಿದೆ, ಮಳೆಗಾಲ ಮುಗಿದ ಮೇಲೆ ಒಂದು ಕೈ ಕೀಸುಳಿ ಹೊಡೆಯಬೇಕು.

ಬೀರುವಿನಲ್ಲಿ ಈಗ ನಮ್ಮ ಬಟ್ಟೆಗಳಿವೆ. ಅಮ್ಮನ ರೇಷ್ಮೆ ಸೀರೆಗಳು ಇನ್ನೂ ಕಬ್ಬಿಣದ ಟ್ರಂಕಿನಲ್ಲೇ. "ಹಸ್ತ, ಚಿತ್ತ, ಸ್ವಾತಿ ಕಳೀಲಿ ಕಣೋ, ಆಮೇಲೆ ನೋಡೋಣ" ಅಂತಾರೆ.