ಟೆಟ್ರಿಸ್‌ನ ಏಳು ತುಂಡು, ಏಳು ಬಣ್ಣ

ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಆಟ ಟೆಟ್ರಿಸ್. ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್ ಯಂತ್ರಕ್ಕೆ 1989ರಲ್ಲಿ ಬಂದ ಅದರ ಕಪ್ಪು-ಬಿಳುಪು ಆವೃತ್ತಿಗೆ ನಾನೇ ಒಂದು ಬಣ್ಣದ ಪ್ಯಾಚ್ (ಆಟದ ಫೈಲಿಗೆ ಅಂಟಿಸುವ ತಿದ್ದುಪಡಿ) ಬರೆದೆ. ತುಮಕೂರಿನ ಎಂ.ಜಿ. ರಸ್ತೆಯ ಹತ್ತಿರ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ನನ್ನ ಕೆಲಸ. ಹಗಲೆಲ್ಲ ಲಗ್ನಪತ್ರಿಕೆ, ಕೈಚೀಲ. ರಾತ್ರಿ ಊಟ ಆದಮೇಲೆ ಬಟವಾಡಿಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಇದನ್ನು ಮಾಡಿದೆ.

1998ರಲ್ಲಿ ಬಣ್ಣದ ಪರದೆಯ ಗೇಮ್‌ಬಾಯ್ ಕಲರ್ ಯಂತ್ರಕ್ಕೆ ಟೆಟ್ರಿಸ್ ಡಿಎಕ್ಸ್ ಬಂದಿದೆಯಲ್ಲ, ಮತ್ತೆ ಇದ್ಯಾಕೆ ಅಂತ ಕೇಳುವವರಿದ್ದಾರೆ. ಡಿಎಕ್ಸ್ ಬೇರೆಯೇ ಆಟ. ನನಗೆ ಬೇಕಾಗಿದ್ದು ಹಳೆಯದೇ: ಅದೇ ಸಂಗೀತ, ಅದೇ ವೇಗ, ಅದೇ ಚೌಕಗಳು. ಒಂದೇ ವ್ಯತ್ಯಾಸ, ಬಣ್ಣ.

ಗೇಮ್‌ಬಾಯ್ ಪರದೆ 160 ಚುಕ್ಕೆ (ಪಿಕ್ಸೆಲ್) ಅಗಲ, 144 ಚುಕ್ಕೆ ಎತ್ತರ. ಅದನ್ನು 8 ಗುಣಿಸು 8ರ ಚಿಕ್ಕ ಚೌಕಗಳಾಗಿ, ಅಂದರೆ ಟೈಲ್‌ಗಳಾಗಿ, ಕತ್ತರಿಸಿದರೆ ಅಡ್ಡಕ್ಕೆ 20, ಉದ್ದಕ್ಕೆ 18. ಹಳೆಯ ಯಂತ್ರದಲ್ಲಿ ಒಂದು ಟೈಲ್‌ಗೆ ನಾಲ್ಕು ಛಾಯೆ, ಅಷ್ಟೇ. ಗೇಮ್‌ಬಾಯ್ ಕಲರ್‌ನಲ್ಲಿ ಹಿನ್ನೆಲೆಗೆ 8 ಪ್ಯಾಲೆಟ್ (ಬಣ್ಣಗಳ ಗುಂಪು), ಹಿನ್ನೆಲೆಯ ಮೇಲೆ ಓಡಾಡುವ ಚಿತ್ರಗಳಾದ ಸ್ಪ್ರೈಟ್‌ಗಳಿಗೆ ಬೇರೆ 8, ಒಂದೊಂದರಲ್ಲಿ ನಾಲ್ಕು ಬಣ್ಣ. ಸ್ಪ್ರೈಟ್‌ನಲ್ಲಿ ನಾಲ್ಕರಲ್ಲಿ ಒಂದು ಪಾರದರ್ಶಕ. ಒಟ್ಟು 32,768 ಬಣ್ಣಗಳಿಂದ ಆರಿಸಿಕೊಳ್ಳಬಹುದು, ಆದರೆ ಒಂದು ಟೈಲ್‌ಗೆ ಒಂದೇ ಪ್ಯಾಲೆಟ್. ಈ ಲೆಕ್ಕ ಟೆಟ್ರಿಸ್‌ಗೆ ಅಳತೆ ತೆಗೆದು ಹೊಲಿದಂತಿದೆ. ತುಂಡುಗಳು ಏಳು, ಉಳಿದದ್ದಕ್ಕೆಲ್ಲ ಒಂದು: ಎಂಟಕ್ಕೆ ಎಂಟು.

ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ. ಹಳೆಯ ಆಟದಲ್ಲಿ ಬಣ್ಣ ಇಲ್ಲದಿದ್ದರಿಂದ ಒಂದೊಂದು ತುಂಡಿನ ಚೌಕಕ್ಕೂ ಒಂದೊಂದು ವಿನ್ಯಾಸ ಕೊಟ್ಟಿದ್ದಾರೆ. ಅಂದರೆ ಟೈಲ್ ಸಂಖ್ಯೆ ನೋಡಿದರೆ ಸಾಕು, ಅದು ಯಾವ ತುಂಡಿನದು ಅಂತ ಗೊತ್ತಾಗುತ್ತದೆ. ಟೈಲ್ ಸಂಖ್ಯೆಯ ಎದುರಿಗೆ ಪ್ಯಾಲೆಟ್ ಸಂಖ್ಯೆ ಬರೆದ ಒಂದು ಪಟ್ಟಿ ಮಾಡಿಕೊಂಡೆ. ಇಡೀ ಪ್ಯಾಚ್ ನಿಂತಿರುವುದು ಆ ಪಟ್ಟಿಯ ಮೇಲೆ.

ಪಟ್ಟಿಯನ್ನು ಯಾವಾಗ ಬಳಸಬೇಕು ಅನ್ನುವುದೇ ಕಷ್ಟದ ಭಾಗ. ಬೀಳುತ್ತಿರುವಾಗ ತುಂಡು ಸ್ಪ್ರೈಟ್ ಆಗಿರುತ್ತದೆ, ಕೆಳಗೆ ಕೂತ ಕೂಡಲೇ ಹಿನ್ನೆಲೆಯ ಟೈಲ್ ಆಗುತ್ತದೆ. ಆಡುವವರ ಕಣ್ಣಿಗೆ ಅದು ಒಂದೇ ತುಂಡು, ಯಂತ್ರಕ್ಕೆ ಎರಡು ಬೇರೆ ವಸ್ತು. ಹಾಗಾಗಿ ಎರಡು ಕಡೆ ಕೈ ಹಾಕಬೇಕು. ಸ್ಪ್ರೈಟ್‌ಗಳ ಪಟ್ಟಿ ಡಿಎಂಎ (ಮೆಮೊರಿಯಿಂದ ನೇರ ನಕಲು) ಮೂಲಕ ಚಿತ್ರ ಬಿಡಿಸುವ ಭಾಗಕ್ಕೆ ಹೋಗುವ ಮೊದಲು, ಪ್ರತಿ ಸ್ಪ್ರೈಟ್‌ನ ನಾಲ್ಕನೇ ಬೈಟ್‌ನಲ್ಲಿ ಕೆಳಗಿನ ಮೂರು ಬಿಟ್‌ಗೆ ಪ್ಯಾಲೆಟ್ ಸಂಖ್ಯೆ ತುಂಬುತ್ತೇನೆ. ಹಿನ್ನೆಲೆಯದ್ದಾದರೆ ವಿಡಿಯೊ ಮೆಮೊರಿಗೆ ಬ್ಯಾಂಕ್ ಎಂಬ ಎರಡು ಭಾಗ; ಟೈಲ್ ಸಂಖ್ಯೆ ಬ್ಯಾಂಕ್ 0ರಲ್ಲಿ, ಅದರ ಪ್ಯಾಲೆಟ್ ಬ್ಯಾಂಕ್ 1ರಲ್ಲಿ ಅದೇ ವಿಳಾಸದಲ್ಲಿ ಇರುತ್ತದೆ. ಆಟ ಒಂದು ಸಾಲು ಬರೆದ ಬೆನ್ನಿಗೇ, ಬ್ಯಾಂಕ್ ಆರಿಸುವ ವಿಬಿಕೆ ರಿಜಿಸ್ಟರ್‌ಗೆ 1 ಹಾಕಿ, ಆ ಸಾಲಿನ 10 ಚೌಕಗಳ ಪ್ಯಾಲೆಟ್ ಬರೆದು, ಮತ್ತೆ 0 ಮಾಡುತ್ತೇನೆ. ಆ 0 ಬಿಟ್ಟುಹೋದರೆ ಆಟ ಮುಂದೆ ಬರೆಯುವುದೆಲ್ಲ ಬ್ಯಾಂಕ್ 1ಕ್ಕೇ ಹೋಗಿ ಪರದೆ ಚಿಂದಿಯಾಗುತ್ತದೆ.

ಇದೆಲ್ಲ ವಿ-ಬ್ಲ್ಯಾಂಕ್ ಒಳಗೆ ಮುಗಿಯಬೇಕು. ಪರದೆಯ 144 ಗೆರೆ ಎಳೆದ ಮೇಲೆ ಸಿಗುವ 10 ಗೆರೆಯಷ್ಟು ಬಿಡುವು ಅದು, ಒಂದು ಮಿಲಿಸೆಕೆಂಡ್ ಚಿಲ್ಲರೆ. ಪ್ರೊಸೆಸರನ್ನು ದುಪ್ಪಟ್ಟು ವೇಗಕ್ಕೆ ಏರಿಸುವ ದಾರಿ ಇದೆ. ನಾನು ಅದಕ್ಕೆ ಹೋಗಲಿಲ್ಲ, ಟೈಮರ್, ಲಿಂಕ್ ಕೇಬಲ್ ಎರಡರ ವೇಗವೂ ಅದರೊಂದಿಗೆ ಬದಲಾಗುತ್ತದೆ. ತುಂಡುಗಳು ಬೀಳುವ ಅಂಕಣ ತುಂಬಿದ ಮೇಲೂ ಆಟ ಒಂದು ಫ್ರೇಮಿಗೆ ಒಂದೇ ಸಾಲು ಬರೆಯುವುದರಿಂದ ಸಮಯ ಸಾಕಾಗುತ್ತದೆ. ಆಟ ತಡೆಹಿಡಿಯಲು ಪಾಜ್ ಒತ್ತಿದಾಗ ಮಾತ್ರ ಆಟ ಎರಡನೇ ಟೈಲ್ ನಕ್ಷೆಗೆ ಹಾರುತ್ತದೆ, ಅದರ ಪ್ಯಾಲೆಟ್‌ಗಳನ್ನು ಮೊದಲೇ ಬರೆದಿಟ್ಟಿರಬೇಕು.

ಕೋಡ್ ಇಡಲು ಜಾಗ ಬೇಕಲ್ಲ. ಮೂಲ ಕಾರ್ಟ್ರಿಜ್ 32 ಕೆಬಿ, ಬ್ಯಾಂಕ್ ಬದಲಿಸುವ ಚಿಪ್ಪೇ ಇಲ್ಲ. ಹೆಡರ್‌ನಲ್ಲಿ (ಕಾರ್ಟ್ರಿಜ್ ವಿವರ ಇರುವ ಭಾಗ) ಕಾರ್ಟ್ರಿಜ್ ನಮೂನೆಯನ್ನು ಅಂಥ ಚಿಪ್ ಇರುವ ಎಂಬಿಸಿ1 ಮಾಡಿ 64 ಕೆಬಿಗೆ ಹಿಗ್ಗಿಸಿದೆ. ಹೆಕ್ಸ್ (16ರ ಎಣಿಕೆ) 143ನೇ ವಿಳಾಸದಲ್ಲಿ ಹೆಕ್ಸ್ 80 ಬರೆದರೆ ಯಂತ್ರ ಕಲರ್ ಮೋಡ್‌ನಲ್ಲಿ ಏಳುತ್ತದೆ. ಹೆಡರ್ ಚೆಕ್‌ಸಮ್ (ತಾಳೆ ನೋಡುವ ಮೊತ್ತ) ಸರಿ ಇಲ್ಲದಿದ್ದರೆ ಆಟ ಶುರುವೇ ಆಗುವುದಿಲ್ಲ, ಗೇಮ್‌ಬಾಯ್ ಕೋಡ್ ಬರೆಯಲು ಬಳಸುವ ಆರ್‌ಜಿಬಿಡಿಎಸ್‌ನ ಫಿಕ್ಸ್ ಸಾಧನ ಅದನ್ನು ನೋಡಿಕೊಳ್ಳುತ್ತದೆ.

80 ಅಂದರೆ ಹಳೆಯ ಕಪ್ಪು-ಬಿಳುಪು ಯಂತ್ರದಲ್ಲೂ ಆಟ ನಡೆಯಬೇಕು ಅಂತ ಅರ್ಥ. ಅಲ್ಲಿ ವಿಬಿಕೆ ಇಲ್ಲವೇ ಇಲ್ಲ, ಬ್ಯಾಂಕ್ 1ಕ್ಕೆ ಅಂತ ಬರೆದದ್ದು ನೇರ ಟೈಲ್ ಸಂಖ್ಯೆಗಳ ಮೇಲೇ ಬೀಳುತ್ತದೆ. ಅದಕ್ಕೇ ಆಟ ಶುರುವಾದ ಮೊದಲ ಕ್ಷಣದಲ್ಲೇ ಪ್ರೊಸೆಸರ್‌ನ ಎ ರಿಜಿಸ್ಟರ್‌ನಲ್ಲಿ ಕಲರ್ ಯಂತ್ರದ ಗುರುತಾದ ಹೆಕ್ಸ್ 11 ಇದೆಯಾ ಅಂತ ನೋಡಿ, ಇದ್ದರೆ ಮಾತ್ರ ಬಣ್ಣದ ಕೋಡ್ ಓಡುವಂತೆ ಮಾಡಿದೆ. ಹಳೆಯ ಯಂತ್ರ ಇಟ್ಟುಕೊಂಡವರನ್ನು ಹೊರಗಿಡುವ ಪ್ಯಾಚ್ ನನಗೆ ಬೇಡ.

ಇನ್ನು ಬಣ್ಣ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 0ಯಿಂದ 31. ಇತ್ತೀಚಿನ ಟೆಟ್ರಿಸ್‌ಗಳಲ್ಲಿರುವಂತೆ ಉದ್ದದ ಕಡ್ಡಿಗೆ ತಿಳಿನೀಲಿ, ಚೌಕಕ್ಕೆ ಹಳದಿ, ಟಿ ತುಂಡಿಗೆ ನೇರಳೆ ಅಂತ ಇಟ್ಟುಕೊಂಡೆ. ಗಾಢವಾಗಿ ಹಾಕಿ ಅಕ್ಕನ ಮಗನ ಕೈಗೆ ಕೊಟ್ಟೆ. “ಮಾಮ, ಬಣ್ಣ ಚೆನ್ನಾಗಿದೆ, ಆದ್ರೆ ಚೌಕದೊಳಗಿನ ಡಿಸೈನೇ ಕಾಣ್ತಿಲ್ವಲ್ಲ” ಅಂದ. ಅವನು ಹೇಳಿದ್ದು ಸರಿ. ಮೂಲ ಕಲಾವಿದರು ಮಾಡಿದ್ದು ಬೆಳಕು-ಕತ್ತಲೆಯ ನಾಲ್ಕು ಮೆಟ್ಟಿಲು. ನಾವು ಬಣ್ಣ ಏನೇ ಹಾಕಿದರೂ ಆ ಮೆಟ್ಟಿಲಿನ ಕ್ರಮ ಕೆಡಬಾರದು. ಅಂಗಡಿಯಲ್ಲಿ ಎರಡೇ ಇಂಕಿನಲ್ಲಿ ಪತ್ರಿಕೆ ಹಾಕುವಾಗಲೂ ನಾನು ಮೊದಲು ನೋಡುವುದು ಇದನ್ನೇ. ಈಗ ಏಳೂ ಪ್ಯಾಲೆಟ್‌ಗೆ ಅತಿ ಕಡುಬಣ್ಣ ಒಂದೇ, ಕಪ್ಪಿಗೆ ಹತ್ತಿರದ್ದು. ನಡುವಿನ ಎರಡು ಛಾಯೆ ಮಾತ್ರ ತುಂಡಿಗೆ ತಕ್ಕಂತೆ ಬದಲಾಗುತ್ತವೆ. ಕೆಂಪು-ಹಸಿರು ಬೇರೆಬೇರೆಯಾಗಿ ಕಾಣದವರೂ ವಿನ್ಯಾಸ ನೋಡಿಯೇ ತುಂಡು ಗುರುತಿಸಬಹುದು, ಹಳೆಯ ಪರದೆಯಲ್ಲಿ ಎಲ್ಲರೂ ಗುರುತಿಸುತ್ತಿದ್ದದ್ದು ಹಾಗೆಯೇ.

ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರಿನಲ್ಲಿ ಗೇಮ್‌ಬಾಯ್ ಅನುಕರಿಸುವ ತಂತ್ರಾಂಶ) ನೋಡಿ ಬಣ್ಣ ತೀರ್ಮಾನಿಸಬೇಡಿ. ಗೇಮ್‌ಬಾಯ್ ಕಲರ್‌ಗೆ ಹಿಂಬದಿಯ ಬೆಳಕಿಲ್ಲ, ಅದೇ ನೇರಳೆ ಅಲ್ಲಿ ಮಂಕಾಗಿ ಬೂದಿಯಾಗುತ್ತದೆ. ನಿಜವಾದ ಯಂತ್ರವನ್ನು ಮಹಡಿ ಮೇಲೆ ಬಿಸಿಲಿಗೆ ಒಯ್ದು ನೋಡಿದ ಮೇಲೆಯೇ ನೇರಳೆ, ನೀಲಿ ಎರಡನ್ನೂ ತಿಳಿ ಮಾಡಿದೆ.

ಹಂಚುವಾಗ ಪ್ಯಾಚ್ ಮಾತ್ರ ಹಂಚುತ್ತೇನೆ. ಆಟದ ಫೈಲು ನಮ್ಮದಲ್ಲ, ಅವರವರ ಕಾರ್ಟ್ರಿಜ್‌ನಿಂದ ಅವರವರೇ ತೆಗೆದುಕೊಳ್ಳಬೇಕು. ಟೆಟ್ರಿಸ್‌ಗೆ 1.0, 1.1 ಎಂದು ಎರಡು ಆವೃತ್ತಿ ಇರುವುದರಿಂದ ಪ್ಯಾಚ್ ಫೈಲಿಗೆ ಐಪಿಎಸ್ ನಮೂನೆ ಬಿಟ್ಟು ಬಿಪಿಎಸ್ ನಮೂನೆ ಆರಿಸಿಕೊಂಡೆ. ಬಿಪಿಎಸ್ ಮೂಲ ಫೈಲಿನ ಚೆಕ್‌ಸಮ್ ನೋಡಿ, ಆವೃತ್ತಿ ಬೇರೆಯಾದರೆ ಅಂಟುವುದೇ ಇಲ್ಲ. ನನ್ನದು 1.1ಕ್ಕೆ. ಇಬ್ಬರು ಕೇಬಲ್ ಹಾಕಿ ಆಡುವ ಪರದೆಗೆ ಬಣ್ಣ ಇನ್ನೂ ಬಾಕಿ ಇದೆ, ಸದ್ಯ ಅದನ್ನೇ ಮಾಡುತ್ತಿದ್ದೇನೆ.